'ಮಾಟಗಾತಿಯಂಥ ನಗು' ಎಂದರೆ ಎಂಥ ನಗು?

ಪ್ರಶ್ನೆ: ಇಂಗ್ಲಿಷಿನ ಒಂದು ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 'ವಿಚ್' (ಮಾಟಗಾತಿ) ಎಂಬ ಪದದಿಂದ ಬಂದ 'ವಿಚಿ' ಎಂಬ ಗುಣವಾಚಕ ಮೂರು ಕಡೆ ಬರುತ್ತದೆ. ಒಣಗಿದ ಎಲೆ, ಬೇರು, ಮೇಣದ ವಾಸನೆ ತುಂಬಿದ ಅಜ್ಜಿಯ ಕೋಣೆಯ ವರ್ಣನೆಯಲ್ಲಿ ಒಮ್ಮೆ. ಕಪ್ಪು ಉಡುಪು ತೊಟ್ಟು ಬಂದ ಗೆಳತಿಯನ್ನು ಇನ್ನೊಬ್ಬಳು ಮೆಚ್ಚಿ ಆಡುವ ಮಾತಿನಲ್ಲಿ ಒಮ್ಮೆ. ಕೈಕೆಳಗಿನವನನ್ನು ಬೈದು ಕಳುಹಿಸಿದ ಮೇಲಧಿಕಾರಿ ಹೆಂಗಸು ಒಬ್ಬಳೇ ಕುಳಿತು ನಗುವ ನಗುವಿಗೆ ಒಮ್ಮೆ. ನಿಘಂಟು ನೋಡಿ ಮೂರೂ ಕಡೆ 'ಮಾಟಗಾತಿಯಂಥ' ಎಂದು ಬರೆದೆ. ಕರಡು ಓದಿದ ಗೆಳತಿಯೊಬ್ಬರು, 'ಎರಡನೆಯದನ್ನು ಓದಿ ಬೆಚ್ಚಿದೆ. ಹೊಗಳುತ್ತಿದ್ದಾಳೋ ಬೈಯುತ್ತಿದ್ದಾಳೋ ತಿಳಿಯಲಿಲ್ಲ' ಎಂದರು. ಈ ಪದದ ಅರ್ಥ ಎಲ್ಲಿಂದ ಎಲ್ಲಿಯವರೆಗೆ? ಅಂದ ಹಾಗೆ, 'ಮಾಟಗಾತಿ' ಸರಿಯೋ 'ಮಾಟಗಾರ್ತಿ' ಸರಿಯೋ?

ಉತ್ತರ: ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಎರಡೂ ಸರಿ. 'ಮಾಟಗಾರ'ನಿಗೆ ಸ್ತ್ರೀಲಿಂಗ ಪ್ರತ್ಯಯ ಸೇರಿ 'ಮಾಟಗಾರ್ತಿ'. ಅದೇ ಬಾಯಿಂದ ಬಾಯಿಗೆ ಹೋಗುತ್ತ ರೇಫ (ರ್ ಎಂಬ ದನಿ) ಸವೆದು 'ಮಾಟಗಾತಿ'. ಇಂದು ಅಚ್ಚಿನಲ್ಲಿ ಹೆಚ್ಚಾಗಿ ಕಾಣುವುದು ಸವೆದ ರೂಪವೇ, ಅದನ್ನೇ ಇಟ್ಟುಕೊಳ್ಳಿ. ಆ ಸವೆತದಲ್ಲೂ ಒಂದು ಸ್ವಾರಸ್ಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಉಳಿದದ್ದು ಅಷ್ಟು ಸಲೀಸಲ್ಲ. ನಿಮ್ಮ ಗೆಳತಿ ಬೆಚ್ಚಿದ್ದಕ್ಕೆ ಕಾರಣವಿದೆ. ನಿಘಂಟು ಸುಳ್ಳು ಹೇಳಿಲ್ಲ, ಆದರೆ ಅರ್ಧ ಹೇಳಿ ಸುಮ್ಮನಾಗಿದೆ. ಇಂದಿನ ಇಂಗ್ಲಿಷಿನ ಪದ ಒಂದು ಛಾಯೆಯನ್ನು, ಒಂದು ಗಾಳಿಯನ್ನು ಸೂಚಿಸುತ್ತದೆ. ಕನ್ನಡದ ಪದ ಒಬ್ಬ ಹೆಂಗಸಿನ ಮೇಲೆ ಒಂದು ಕೆಲಸವನ್ನು ಹೊರಿಸುತ್ತದೆ. ಮೊದಲನೆಯದು ವರ್ಣನೆ, ಎರಡನೆಯದು ಆರೋಪ. ನಿಮ್ಮ ಮೂರು ವಾಕ್ಯಗಳ ತೊಡಕೆಲ್ಲ ಈ ಅಂತರದಲ್ಲಿದೆ.

'ಮಾಟ' ಹುಟ್ಟಿದ್ದು 'ಮಾಡು' ಎಂಬ ಧಾತುವಿನಿಂದ. ಆಡು–ಆಟ, ಓಡು–ಓಟ, ನೋಡು–ನೋಟ, ಕೂಡು–ಕೂಟ, ಕಾಡು–ಕಾಟ. ಅದೇ ಸಾಲಿನಲ್ಲಿ ಮಾಡು–ಮಾಟ. ಹಾಗಾಗಿ ಅದರ ಮೂಲ ಅರ್ಥ ಬರೀ 'ಮಾಡುವುದು', 'ಮಾಡಿದ್ದು' ಎಂದಷ್ಟೇ. ಹದವರಿತು ಮಾಡಿದ್ದು ಚೆಲುವಾಗಿ ಕಾಣುತ್ತದೆಯಲ್ಲ, ಆ ದಾರಿಯಲ್ಲಿ ಪದಕ್ಕೆ ಅಂದ, ಒಪ್ಪ, ಅಚ್ಚುಕಟ್ಟು ಎಂಬ ಅರ್ಥಗಳು ಸೇರಿದವು. ಇಂದಿಗೂ 'ಮೈಮಾಟ' ಎಂದರೆ ಯಾರಿಗೂ ಕುಂಕುಮ ಮೆತ್ತಿದ ನಿಂಬೆಹಣ್ಣು ನೆನಪಾಗುವುದಿಲ್ಲ.

ಆದರೆ ಈ ಚೆಲುವಿನ ಅರ್ಥ ಈಗ ಸಮಾಸದೊಳಗೆ ಮಾತ್ರ ಬೆಚ್ಚಗೆ ಉಳಿದಿದೆ. ಒಂಟಿಯಾಗಿ ಬಂದರೆ ಕಷ್ಟ. ಬಹಳ ವರ್ಷಗಳ ಹಿಂದೆ ನಾನು ಕರಡು ತಿದ್ದುತ್ತಿದ್ದ ಒಂದು ಕಥಾಸಂಕಲನದಲ್ಲಿ 'ಅವಳದು ಮಾಟವಾದ ಮೂಗು' ಎಂಬ ವಾಕ್ಯವಿತ್ತು. ನನಗಿಂತ ಮೊದಲು ಪುಟಗಳನ್ನು ನೋಡಿದ್ದ ಎಳೆಯ ವಯಸ್ಸಿನ ಕರಡು ತಿದ್ದುಗ ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ 'ಮೂಗಿಗೆ ಮಾಟ ಮಾಡಿಸಿದವರು ಯಾರು?' ಎಂದು ಬರೆದಿದ್ದ. ನಗು ಬಂತು. ಹುಡುಗನದು ತಪ್ಪೆನ್ನಲು ಮಾತ್ರ ಮನಸ್ಸಾಗಲಿಲ್ಲ. ಪದದ ಒಂದು ಅರ್ಥ ಇನ್ನೊಂದನ್ನು ನುಂಗುತ್ತಿರುವ ಕಾಲದಲ್ಲಿ ಬೆಳೆದವನು ಅವನು. ಸುತ್ತಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ 'ಇರಲಿ' ಎಂದು ಬರೆದೆ.

'ಮಾಡಿದ್ದು' ಎಂಬಷ್ಟು ಸಾದಾ ಪದ ಅಭಿಚಾರದ, ಎಂದರೆ ಕೇಡು ಬಯಸಿ ಮಾಡುವ ತಂತ್ರದ, ಹೆಸರಾದದ್ದು ಹೇಗೆ? ಹೆಸರಿಡಲು ಅಂಜುವ ಕೆಲಸವನ್ನು ಜನ ಹೆಸರಿಡದೆಯೇ ಹೇಳುತ್ತಾರೆ. 'ಯಾರೋ ಏನೋ ಮಾಡಿದ್ದಾರೆ' ಎಂದರೆ ಸಾಕು, ಕೇಳಿದವನು ದನಿ ತಗ್ಗಿಸುತ್ತಾನೆ. ಕನ್ನಡಕ್ಕೆ ಮಾತ್ರ ಬಂದ ಅಂಜಿಕೆ ಇದು ಎಂದುಕೊಳ್ಳಬೇಡಿ. ಸಂಸ್ಕೃತದ 'ಕೃ' ಎಂಬ ಧಾತುವಿಗೂ ಮಾಡು ಎಂದೇ ಅರ್ಥ. ಅದರಿಂದ ಬಂದ 'ಕೃತ್ಯಾ' ಎಂಬ ಪದ ಮಾಟವನ್ನೂ, ಮಾಟದಿಂದ ಎಬ್ಬಿಸಿ ಶತ್ರುವಿನ ಮೇಲೆ ಬಿಡುವ ಹೆಣ್ಣು ಭೂತವನ್ನೂ ಹೇಳುತ್ತದೆ. ತಂತ್ರಗ್ರಂಥಗಳು ಶಾಂತಿ, ವಶೀಕರಣ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಆರನ್ನು ಒಟ್ಟಿಗೆ 'ಷಟ್ಕರ್ಮ' ಎನ್ನುತ್ತವೆ. ಅಲ್ಲೂ ಇರುವುದು ಕರ್ಮವೇ, ಮಾಡುವುದೇ. ಇನ್ನೂ ದೂರ ಹೋಗಿ ನೋಡಿ: ಲ್ಯಾಟಿನ್ ಭಾಷೆಯಲ್ಲಿ ಮಾಡು ಎಂಬುದಕ್ಕೆ 'ಫಾಕೆರೆ', ಕೆಟ್ಟದ್ದನ್ನು ಮಾಡುವುದು 'ಮಲೆಫಿಕಿಯುಂ', ಅದೇ ಮಾಟದ ಹೆಸರು. ಅದೇ ಧಾತುವಿನಿಂದ ಇಟಲಿಯವರ 'ಫತ್ತೂರ' ಬಂತು, ಪೋರ್ಚುಗೀಸರ 'ಫೆಯ್ತಿಸು' ಬಂತು. ಈ ಕೊನೆಯದು ಹಡಗು ಹತ್ತಿ ಪಶ್ಚಿಮ ಆಫ್ರಿಕದ ಕರಾವಳಿಗೆ ಹೋಗಿ, ಅಲ್ಲಿನವರ ತಾಯತಗಳಿಗೆ ಹೆಸರಾಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ 'ಫೆಟಿಶ್' ಆಗಿ ಇಳಿಯಿತು. ಒಂದಕ್ಕೊಂದು ಗೊತ್ತಿರದ ಭಾಷೆಗಳೂ ಅದೇ ಸಾದಾ ಕ್ರಿಯಾಪದದ ಹಿಂದೆ ಅವಿತಿವೆ.

ಇನ್ನು ಬಳಕೆ. 'ಮಾಟ' ಎಂಬ ಪದ ವಾಕ್ಯದಲ್ಲಿ ಹೇಗೆ ಕುಳಿತಿರುತ್ತದೆ ಎಂದು ಗಮನಿಸಿದ್ದೀರಾ? 'ಯಾರೋ ಮಾಟ ಮಾಡಿಸಿದ್ದಾರೆ.' ಕ್ರಿಯಾಪದ ಬಹುಪಾಲು 'ಮಾಡಿಸು' ಎಂಬ ಪ್ರೇರಣಾರ್ಥಕ ರೂಪದಲ್ಲಿರುತ್ತದೆ, ಕರ್ತೃವಿನ ಜಾಗದಲ್ಲಿ 'ಯಾರೋ' ಕುಳಿತಿರುತ್ತಾನೆ. ಹೆಸರು ಗೊತ್ತಿದ್ದರೂ ಹೇಳುವುದಿಲ್ಲ. 'ಯಾರೆಂದು ನಾನು ಹೇಳಬೇಕೇ?' ಎಂದು ಪಕ್ಕದ ಮನೆಯ ಕಡೆ ಕಣ್ಣು ಹಾಯಿಸುತ್ತಾರೆ. 'ನಾನು ಮಾಟ ಮಾಡಿಸಿದೆ' ಎಂಬ ವಾಕ್ಯವನ್ನು ನಾನಂತೂ ಕಿವಿಯಾರೆ ಕೇಳಿಲ್ಲ. ವ್ಯಾಕರಣ ಅದನ್ನು ತಡೆಯುವುದಿಲ್ಲ, ಲೋಕ ತಡೆಯುತ್ತದೆ. ಉತ್ತಮ ಪುರುಷದಲ್ಲಿ ಬಾರದ ಪದ ಇದು. 'ಮಾಟಗಾತಿ'ಯೂ ಹಾಗೆಯೇ: ಅದು ಸದಾ 'ಅವಳು', ಜಗಳ ವಿಕೋಪಕ್ಕೆ ಹೋದಾಗ 'ನೀನು'. 'ನಾನು' ಆಗುವುದೇ ಇಲ್ಲ.

ಈ ಆರೋಪದ ವಯಸ್ಸು ಕೇಳಿದರೆ ಆಶ್ಚರ್ಯವಾಗುತ್ತದೆ. ವೇದದ ಭಾಷೆಯಲ್ಲಿ ಮಾಟಕ್ಕೆ 'ಯಾತು' ಎಂಬ ಪದವಿತ್ತು, ಮಾಟಗಾರನಿಗೆ 'ಯಾತುಧಾನ'. (ಇರಾನಿನ ಕಡೆ ಅದೇ ಪದ 'ಜಾದೂ' ಆಯಿತು, ಪಾರಸಿಯ ಮೂಲಕ ಸುತ್ತಿ ಬಂದು ಈಗ ನಮ್ಮ ಜಾದೂಗಾರರ ಟೋಪಿಯೊಳಗಿನಿಂದ ಮೊಲ ತೆಗೆಯುತ್ತಿದೆ.) ಋಗ್ವೇದದ ಏಳನೆಯ ಮಂಡಲದ 104ನೆಯ ಸೂಕ್ತದಲ್ಲಿ ಒಬ್ಬ ಆಣೆ ಇಡುತ್ತಾನೆ: ನಾನು ಯಾತುಧಾನನಾಗಿದ್ದರೆ ಇಂದೇ ಸಾಯುವೆ, ನನ್ನನ್ನು ಸುಳ್ಳು ಸುಳ್ಳೇ ಯಾತುಧಾನ ಎಂದು ಕರೆದವನು ತನ್ನ ಹತ್ತು ವೀರರನ್ನು ಕಳೆದುಕೊಳ್ಳಲಿ. ಪರಂಪರೆ ಈ ಸೂಕ್ತವನ್ನು ವಸಿಷ್ಠರ ಹೆಸರಿಗೆ ಹಚ್ಚುತ್ತದೆ. ಮಾಟದ ಪದ ಉತ್ತಮ ಪುರುಷದಲ್ಲಿ ಬರಬೇಕಾದರೆ ಹೀಗೆ, 'ನಾನು ಅದಲ್ಲ' ಎಂಬ ಆಣೆಯಾಗಿಯೇ ಬರಬೇಕು. ಸಿಟ್ಟು ನೋಡಿ, ಮಾಟದ ಮೇಲಿನದಕ್ಕಿಂತ ಹಾಗೆ ಕರೆದ ನಾಲಿಗೆಯ ಮೇಲೆ ಹೆಚ್ಚು.

ಕರೆಯುವುದೇ ಅಪರಾಧ ಎಂಬ ಮಾತು ಈಗಿನ ಕಾನೂನಿನಲ್ಲೂ ಇದೆ. ಬಿಹಾರದ 1999ರ ಕಾಯಿದೆ 'ಡಾಯನ್' (ಮಾಟಗಾತಿ) ಎಂಬ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ. ಒಬ್ಬರನ್ನು ಮಾತಿನಿಂದಲೋ ಕೃತಿಯಿಂದಲೋ ಡಾಯನ್ ಎಂದು ಗುರುತಿಸಿದರೆ ಮೂರು ತಿಂಗಳವರೆಗೆ ಸಜೆ, ಅಥವಾ ಸಾವಿರ ರೂಪಾಯಿ ದಂಡ, ಅಥವಾ ಎರಡೂ. 'ಡಾಯನ್' ನಮ್ಮ 'ಡಾಕಿನಿ'ಯದೇ ಸವೆದ ರೂಪ. ಛತ್ತೀಸಗಢದಲ್ಲಿ ಅಂಥ ಹೆಂಗಸಿಗೆ 'ಟೋನಹೀ' ಎನ್ನುತ್ತಾರೆ, ಅಲ್ಲಿನ 2005ರ ಕಾಯಿದೆಯೂ ಆ ಪದವನ್ನು ಹಾಗೆಯೇ ಎತ್ತಿಕೊಂಡಿದೆ. ಇಂಥ ಪದವನ್ನು ಅನುವಾದಕರು ಹಗುರವಾಗಿ ಎತ್ತಿ ಹಗುರವಾಗಿ ಇಡಲು ಆಗುವುದಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಹಾಗಾದರೆ ಇಂಗ್ಲಿಷಿನ 'ವಿಚಿ' ಅಷ್ಟು ಹಗುರವಾದದ್ದು ಹೇಗೆ? 'ವಿಚ್' ಕೂಡ ಹುಟ್ಟಿನಲ್ಲಿ ಹಗುರ ಪದವಲ್ಲ. ಹಳೆಯ ಇಂಗ್ಲಿಷಿನಲ್ಲಿ ಗಂಡಿಗೆ 'ವಿಚ್ಚ', ಹೆಣ್ಣಿಗೆ 'ವಿಚ್ಚೆ' ಎಂದಿತ್ತು. ಕೊನೆಯ ಸ್ವರಗಳು ಬಿದ್ದುಹೋಗಿ ಎರಡೂ ಒಂದಾದವು, ಆಮೇಲೆ ಪದ ಮೆಲ್ಲಗೆ ಹೆಂಗಸಿನ ಪಾಲಿಗೆ ಬಂತು. ಆ ಪದ ಹೊತ್ತವರನ್ನು ನೇಣಿಗೆ ಹಾಕಿದ ಕಾಲವೂ ಇತ್ತು. 1692ರಲ್ಲಿ ಅಮೆರಿಕದ ಸೇಲಂ ವಿಚಾರಣೆಗಳಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ಐವರು ಗಂಡಸರು. ಪದದ ಕೊರಳಿನ ಹಗ್ಗ ಸಡಿಲಾದದ್ದು ಕಾನೂನು ನಂಬುವುದನ್ನು ಬಿಟ್ಟಾಗ. ಬ್ರಿಟನ್ನಿನ 1735ರ ಕಾಯಿದೆ ಮಾಟ ಮಾಡುವುದನ್ನು ಅಪರಾಧದ ಪಟ್ಟಿಯಿಂದ ತೆಗೆದು, ಮಾಟ ಬಲ್ಲೆ ಎಂದು ನಟಿಸುವುದನ್ನು ಅಪರಾಧ ಮಾಡಿತು. ಆ ಕಾಯಿದೆಯೂ 1951ರಲ್ಲಿ ರದ್ದಾಯಿತು. ಮೂರೇ ವರ್ಷಕ್ಕೆ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಸುಂಕದ ಅಧಿಕಾರಿ ಇದೇ ವಿದ್ಯೆಯ ಬಗ್ಗೆ ಪುಸ್ತಕ ಬರೆದು, ಅದನ್ನು ಒಂದು ಧರ್ಮವೆಂಬಂತೆ ಮುಂದಿಟ್ಟ. ಇಂದು ಇಂಗ್ಲಿಷಿನಲ್ಲಿ 'ನಾನು ವಿಚ್' ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ಅಲ್ಲಿ ಪದಕ್ಕೆ ಉತ್ತಮ ಪುರುಷ ಸಿಕ್ಕಿತು, ನಮ್ಮಲ್ಲಿ ಸಿಕ್ಕಿಲ್ಲ. ಅದಕ್ಕೇ ಇಂಗ್ಲಿಷಿನವಳು ಗೆಳತಿಯ ಉಡುಪನ್ನು ನೋಡಿ ಆ ಪದವನ್ನು ಹೊಗಳಿಕೆಯಾಗಿ ಎಸೆಯಬಲ್ಲಳು. ಅದನ್ನು ಹಾಗೆಯೇ ಕನ್ನಡಿಸಿದರೆ ನಿಮ್ಮ ಗೆಳತಿ ಬೆಚ್ಚುತ್ತಾರೆ.

ಇದರ ಮೇಲೆ ಇಂಗ್ಲಿಷಿನವರಿಗೆ ಇಕಾರದ ಒಂದು ಪ್ರತ್ಯಯದ ಅನುಕೂಲ. ಯಾವ ನಾಮಪದದ ಬಾಲಕ್ಕೆ ಅಂಟಿಸಿದರೂ 'ಅದರ ವಾಸನೆ ಇರುವ' ಎಂಬ ಗುಣವಾಚಕ ಸಿದ್ಧ. ಕನ್ನಡದ 'ಅಂಥ' ಆ ಕೆಲಸ ಮಾಡುವುದಿಲ್ಲ. ಅದು ಹೋಲಿಕೆ, ಹೋಲಿಕೆಗೆ ಎದುರಿಗೆ ಒಂದು ವಸ್ತು ಬೇಕು. 'ಮಾಟಗಾತಿಯಂಥ ನಗು' ಎಂದ ಕೂಡಲೇ ಓದುಗನ ಕಣ್ಣ ಮುಂದೆ ಒಬ್ಬ ಮಾಟಗಾತಿ ಬಂದು ನಿಂತು ನಿಮ್ಮ ಪಾತ್ರದ ಪಕ್ಕದಲ್ಲಿ ನಗಲೇಬೇಕು. 'ಮಾಟಗಾತಿತನ' ಎಂದು ತನ ಹಚ್ಚುವವರನ್ನೂ ನೋಡಿದ್ದೇನೆ. ನಾಲಿಗೆ ಎಡವುತ್ತದೆ, ಬೇಡ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಕನ್ನಡ ಈ ಜಾಗದಲ್ಲಿ ಬಡವಾಗಿದೆ ಎಂದಲ್ಲ. ಇಂಗ್ಲಿಷಿನಲ್ಲಿ 'ಚಾರ್ಮ್' ಎಂಬುದು ಮಂತ್ರವನ್ನು ಹಾಡುವುದಾಗಿತ್ತು, 'ಫ್ಯಾಸಿನೇಟ್' ಎಂದರೆ ಕಣ್ಣು ಹಾಕಿ ಕಟ್ಟಿಹಾಕುವುದಾಗಿತ್ತು, 'ಗ್ಲಾಮರ್' ಎಂಬುದು 'ಗ್ರಾಮರ್' ಪದದ ಸ್ಕಾಟ್ಲೆಂಡಿನ ಅಪಭ್ರಂಶ. (ವ್ಯಾಕರಣ ಬಲ್ಲವನಿಗೆ ಮಾಟವೂ ಬರುತ್ತದೆ ಎಂದು ಅಲ್ಲಿನ ಜನ ನಂಬಿದ್ದರು. ವ್ಯಾಕರಣ ಬರೆಯುವ ನನಗೆ ಇದಕ್ಕಿಂತ ದೊಡ್ಡ ಗೌರವ ಇನ್ನೆಲ್ಲಿ!) ಇವೆಲ್ಲ ವಿಷ ತೊಳೆದುಹೋಗಿ ಚೆಲುವಷ್ಟೇ ಉಳಿದ ಪದಗಳು. ಹಾಗೆ ತೊಳೆದ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. 'ಮೋಡಿ' ಎಂದರೆ ಇಬ್ಬರು ಮಂತ್ರವಾದಿಗಳು ಒಬ್ಬರ ಮೇಲೊಬ್ಬರು ವಿದ್ಯೆ ತೋರಿಸುವ ಪಂದ್ಯ. ಈಗ ಗಾಯಕಿಯ ದನಿಗೂ ಮೋಡಿ ಇರುತ್ತದೆ. 'ಮರುಳ್' ಹಳಗನ್ನಡದಲ್ಲಿ ಪಿಶಾಚಿ. ಈಗ ನಾವು ಮಲ್ಲಿಗೆಯ ಕಂಪಿಗೂ ಮರುಳಾಗುತ್ತೇವೆ. ಹಾವಿನ ವಿಷ ಇಳಿಸುವ ಗಾರುಡ ವಿದ್ಯೆಯಿಂದ ಬಂದ 'ಗಾರುಡಿಗ' ಬೇಂದ್ರೆಯವರ ಹೆಸರಿನ ಹಿಂದೆ 'ಶಬ್ದಗಾರುಡಿಗ' ಎಂದು ಬಿರುದಾಗಿ ಕುಳಿತಿದೆ. 'ಕಣ್ಕಟ್ಟು' ಎಂಬ ಪದವನ್ನಂತೂ ಯಾರು ಕಟ್ಟಿದರೋ, ಅವರ ಕೈಗೆ ಚಿನ್ನದ ಕಡಗ ತೊಡಿಸಬೇಕು. 'ಮಾಟ' ಮಾತ್ರ ಈ ಸಾಲಿಗೆ ಸೇರಲಿಲ್ಲ. ಅದರ ಚೆಲುವು 'ಮೈಮಾಟ'ದಲ್ಲಿ ಸಿಕ್ಕಿಕೊಂಡು, ವಿಷ 'ಮಾಟಗಾತಿ'ಗೆ ಪೂರ್ತಿಯಾಗಿ ಸಂದಿತು.

ಸಂದದ್ದು ಗಾತಿಗೇ ಏಕೆ, ಗಾರನಿಗೆ ಏಕಲ್ಲ? ಇಲ್ಲಿ ಮೊದಲು ಹೇಳಿದ ಸವೆತದ ಮಾತಿಗೆ ಬರುತ್ತೇನೆ. ಬರಹಗಾರ್ತಿ, ಕತೆಗಾರ್ತಿ, ಹಾಡುಗಾರ್ತಿ ಎಂದು ರೇಫ ಉಳಿಸಿ ಬರೆಯುತ್ತೇವೆ. 'ಬರಹಗಾತಿ' ಎಂದು ಬರೆದವರನ್ನು ನಾನು ಕಂಡಿಲ್ಲ. ಮೋಸಗಾತಿ, ಬಿನ್ನಾಣಗಾತಿ, ವಯ್ಯಾರಗಾತಿ, ಮಾಟಗಾತಿ ಎನ್ನುವಾಗ ರೇಫ ತಾನಾಗಿ ಬಿದ್ದುಹೋಗುತ್ತದೆ. ನಿಯಮವೆಂದು ಹೇಳುತ್ತಿಲ್ಲ, 'ಸೊಗಸುಗಾತಿ'ಯಂಥ ಮೆಚ್ಚುಗೆಯ ಪದಗಳೂ ಇವೆ. ಆದರೆ ಒಲವು ಇದೆ: ಕಸುಬಿಗೆ ಗೌರವ ಸಿಕ್ಕ ಕಡೆ ಪ್ರತ್ಯಯ ನೆಟ್ಟಗೆ ನಿಂತಿದೆ, ಹೆಂಗಸಿನ ಬಗ್ಗೆ ಬೆನ್ನ ಹಿಂದೆ ಆಡುವ ಮಾತಿನಲ್ಲಿ ಸವೆದಿದೆ. ಬೆನ್ನ ಹಿಂದಿನ ಮಾತೇ ಹೆಚ್ಚು ಬಳಕೆಯಾಗುವುದರಿಂದ ಹೆಚ್ಚು ಸವೆಯಿತೋ ಏನೋ.

ಗಂಡಸಿನ ಪಾಲಿಗೆ ಬಂದದ್ದು 'ಮಾಂತ್ರಿಕ'. ಪತ್ರಿಕೆಯ ಕ್ರೀಡಾಪುಟ ತೆರೆಯಿರಿ, ಚೆಂಡನ್ನು ತಿರುಗಿಸಿ ವಿಕೆಟ್ ಉರುಳಿಸಿದವನು 'ಸ್ಪಿನ್ ಮಾಂತ್ರಿಕ'. ಒಳ್ಳೆಯ ವೈದ್ಯನ ಕೈಯಲ್ಲಿ ಮಾಂತ್ರಿಕ ಸ್ಪರ್ಶ, ಲ್ಯಾಟಿನ್ ಅಮೆರಿಕದ ಕಾದಂಬರಿಗಳಲ್ಲಿ ಮಾಂತ್ರಿಕ ವಾಸ್ತವ. ಅದೇ ಚೆಂಡನ್ನು ಅಷ್ಟೇ ಚೆನ್ನಾಗಿ ತಿರುಗಿಸಿದ ಹೆಣ್ಣುಮಗಳನ್ನು 'ಸ್ಪಿನ್ ಮಾಟಗಾತಿ' ಎಂದು ತಲೆಬರಹದಲ್ಲಿ ಹಾಕಿ ನೋಡಿ, ಮರುದಿನ ಸಂಪಾದಕರಿಗೆ ಪತ್ರಗಳ ರಾಶಿ ಬೀಳುತ್ತದೆ. ಇಂಗ್ಲಿಷಿನಲ್ಲೂ ಇದೇ ಕತೆ. 'ವಿಜರ್ಡ್' ಎಂಬ ಗಂಡು ಪದ 'ವೈಸ್' ಎಂಬ ಜಾಣತನದ ಪದದಿಂದ ಬಂದು ಹೊಗಳಿಕೆಯಾಯಿತು. ಲ್ಯಾಟಿನ್ನಿನಲ್ಲಿ ಇನ್ನೂ ಕರಾರುವಾಕ್ಕು: 15ನೆಯ ಶತಮಾನದ ಕೊನೆಯಲ್ಲಿ ಅಚ್ಚಾದ, ಮಾಟಗಾತಿಯರನ್ನು ಹಿಡಿದು ವಿಚಾರಿಸುವ ಕುಪ್ರಸಿದ್ಧ ಕೈಪಿಡಿಯ ಹೆಸರು 'ಮಲ್ಲೆಯುಸ್ ಮಲೆಫಿಕಾರುಂ'. ಗಂಡು ಹೆಣ್ಣು ಇಬ್ಬರನ್ನೂ ಒಳಗೊಳ್ಳಲು ಆ ಭಾಷೆಯಲ್ಲಿ 'ಮಲೆಫಿಕೋರುಂ' ಎಂಬ ಪುಲ್ಲಿಂಗ ಬಹುವಚನ ಸಾಕಾಗಿತ್ತು. ಬರೆದವನು ಬೇಕೆಂದೇ ಸ್ತ್ರೀಲಿಂಗದ ವಿಭಕ್ತಿ ಹಾಕಿದ. ಒಂದು ಓಕಾರ ಆಕಾರವಾದದ್ದರಿಂದ ಅಪರಾಧಿ ಯಾರೆಂದು ಮುಖಪುಟದಲ್ಲೇ ತೀರ್ಮಾನವಾಯಿತು.

ಎಲ್ಲ ಭಾಷೆಗಳೂ ಅವಳನ್ನು 'ಮಾಡುವವಳು' ಎಂದೇ ಕರೆದಿಲ್ಲ, 'ತಿಳಿದವಳು' ಎಂದೂ ಕರೆದಿವೆ. ರಷ್ಯನ್ನಿನಲ್ಲಿ ಮಾಟಗಾತಿಗೆ 'ವೇದ್ಮ' ಎನ್ನುತ್ತಾರೆ; ಅದರ ಧಾತು ನಮ್ಮ ವೇದ, ವಿದ್ಯೆಗಳ ಧಾತುವಿನ ಒಡಹುಟ್ಟು. ನಮ್ಮ 'ಬಿನ್ನಾಣ'ವನ್ನು ಬಿಚ್ಚಿದರೂ ಒಳಗೆ ಸಿಗುವುದು 'ವಿಜ್ಞಾನ'. ತಿಳಿವಳಿಕೆ ಕೌಶಲವಾಯಿತು, ಕೌಶಲ ಒಯ್ಯಾರವಾಯಿತು, ಒಯ್ಯಾರ ವಂಚನೆಯ ಅನುಮಾನವಾಯಿತು. ಹೆಚ್ಚು ತಿಳಿದ ಹೆಂಗಸಿನ ಬಗ್ಗೆ ಲೋಕದ ಅಭಿಪ್ರಾಯ ಯಾವ ಕಡೆಗೆ ಜಾರುತ್ತದೆ ಎಂಬುದನ್ನು ಈ ಒಂದು ತದ್ಭವವೇ ತೋರಿಸುತ್ತದೆ. ಈ 'ತಿಳಿದವಳು' ಎಂಬ ಎಳೆಯನ್ನು ಕೈಯಲ್ಲಿ ಹಿಡಿದಿರಿ, ನಿಮ್ಮ ಮೊದಲ ವಾಕ್ಯಕ್ಕೆ ಬೇಕಾಗುತ್ತದೆ.

ಅದಕ್ಕೆ ಮುನ್ನ ಒಂದು ಎಚ್ಚರಿಕೆ. ಅನುವಾದಗಳಲ್ಲಿ 'ವಿಚ್' ಬಂದ ಕಡೆ ದೆವ್ವ, ಪಿಶಾಚಿ, ರಕ್ಕಸಿ ಎಂದೆಲ್ಲ ಬರೆದದ್ದನ್ನು ಕಾಣುತ್ತೇವೆ. ದೆವ್ವ ಪಿಶಾಚಿಗಳು ಸತ್ತವರ ಲೋಕಕ್ಕೆ ಸೇರಿದವು, ರಕ್ಕಸಿ ಬೇರೆಯೇ ಕುಲದವಳು. ಮಾಟಗಾತಿ ಬದುಕಿರುವ ಮನುಷ್ಯಳು. ಪಕ್ಕದ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರುವವಳು ಎಂಬುದರಲ್ಲೇ ಆ ಪದದ ಭಯವಿರುವುದು. ಹಾಗೆಯೇ 'ಗಯ್ಯಾಳಿ', 'ಬಜಾರಿ' ಕೂಡ ಇಲ್ಲಿ ಹೊಂದುವುದಿಲ್ಲ. ಅವು ಗಟ್ಟಿ ಬಾಯಿಯವಳಿಗೆ ಹೇಳುವ ಪದಗಳು, ಮಾಟಗಾತಿಯಾದರೋ ಸದ್ದು ಮಾಡುವವಳಲ್ಲ.

ಈಗ ಅಜ್ಜಿಯ ಕೋಣೆ. ಮೊದಲು ನೀವು ಕೇಳಿಕೊಳ್ಳಬೇಕಾದದ್ದು, ಆ ಕೋಣೆಯನ್ನು ನೋಡುತ್ತಿರುವ ಕಣ್ಣು ಯಾರದು? ಊರವರು ಮುದುಕಿಯ ಮೇಲೆ ಅನುಮಾನಪಡುತ್ತಿದ್ದು, ಅವರ ಕಣ್ಣಿನಿಂದ ಕಾದಂಬರಿ ಕೋಣೆಯನ್ನು ನೋಡುತ್ತಿದ್ದರೆ 'ಮಾಟಗಾತಿಯ ಕೋಣೆ' ಎಂದೇ ಬರೆಯಿರಿ. ಅಲ್ಲಿ ಆರೋಪವೇ ಬೇಕಾದದ್ದು, ಮೆತ್ತಗೆ ಮಾಡಿದರೆ ಕೆಡುತ್ತದೆ. ನೋಡುತ್ತಿರುವುದು ಮೊಮ್ಮಗುವಾದರೆ ಅಲ್ಲಿರುವುದು ಬೆರಗು, ಜೊತೆಗೆ ಎರಡು ಚಿಟಿಕೆ ಅಂಜಿಕೆ. ಆಗ 'ಅಜ್ಜಿಯ ಕೋಣೆ ಯಾರೋ ಮಂತ್ರಿಸಿ ಇಟ್ಟ ಹಾಗಿತ್ತು' ಎನ್ನಬಹುದು. ನನಗೆ ಇನ್ನೂ ಹಿಡಿಸುವುದು 'ಏನನ್ನೋ ಬಲ್ಲವಳ ಕೋಣೆ' ಎಂಬುದು. ಏನನ್ನು ಎಂದು ಹೇಳದಿರುವುದರಲ್ಲೇ ವಾಸನೆಯೂ ಇದೆ, ಕತ್ತಲೆಯೂ ಇದೆ. ಎಲೆ, ಬೇರು, ಮೇಣ ಆಗಲೇ ವಾಕ್ಯದಲ್ಲಿವೆ. ಅವುಗಳ ಮೇಲೆ ಗುಣವಾಚಕದ ಕಂಬಳಿ ಹೊದೆಸಬೇಕಾದ ಅಗತ್ಯವಿಲ್ಲ.

ಎರಡನೆಯದು, ಗೆಳತಿಯ ಮೆಚ್ಚುಗೆ. ಇಲ್ಲಿ ನಿಮಗೆ ಗುಣವಾಚಕವೇ ಬೇಡ. ಕನ್ನಡದಲ್ಲಿ ಇಂಥ ಮೆಚ್ಚುಗೆ ಪ್ರಶ್ನೆಯಾಗಿ, ಚೇಷ್ಟೆಯಾಗಿ ಬರುತ್ತದೆ: 'ಏನೇ, ಇವತ್ತು ಯಾರ ಮೇಲೆ ಮಂಕುಬೂದಿ ಎರಚಲು ಹೊರಟಿದ್ದೀಯ?' ಮಾಟವೂ ಬಂತು, ಸಲುಗೆಯೂ ಬಂತು. ಸಂಬೋಧನೆಯೇ ಬೇಕೆಂದರೆ 'ಮಾಯಗಾತಿ' ಇದೆ. 'ಎಲಾ ಮಾಯಗಾತಿ!' ಎಂದರೆ ಬೈಗುಳದ ವೇಷದ ಮುದ್ದು. ಒಂದು ಯಕಾರದ ಜಾಗದಲ್ಲಿ ಟಕಾರ ಬಂದರೆ ಮುದ್ದು ಹೋಗಿ ಜಗಳ ಉಳಿಯುತ್ತದೆ, ಹಾಗಾಗಿ ಕರಡು ತಿದ್ದುವಾಗ ಆ ಅಕ್ಷರವನ್ನು ಎರಡು ಸಲ ನೋಡಿ. 'ಮೋಹಿನಿಯ ಹಾಗಿದ್ದೀಯ' ಎಂಬುದನ್ನು ನಾನು ಆರಿಸುವುದಿಲ್ಲ. ಅಮೃತ ಹಂಚಿದ ಮೋಹಿನಿಯೂ ಇದ್ದಾಳೆ, ಹುಣಿಸೆಮರದ ಮೋಹಿನಿಯೂ ಇದ್ದಾಳೆ, ಕಪ್ಪು ಉಡುಪು ಎಂದ ಮೇಲೆ ಓದುಗ ಎರಡನೆಯವಳ ಕಡೆಗೇ ನಡೆದಾನು.

ಮೂರನೆಯದು, ಮೇಲಧಿಕಾರಿಯ ನಗು. ಇಂಗ್ಲಿಷಿನ ಓದುಗನಿಗೆ ಇಲ್ಲಿ ಕೇಳಿಸುವುದು ಕರ್ಕಶವಾದ ಕೇಕೆ. ಅವಳು ನಿಜವಾಗಿ ಗಟ್ಟಿಯಾಗಿ ನಕ್ಕಿದ್ದರೆ 'ಕೇಕೆ ಹಾಕಿದಳು' ಎಂದರೆ ಆಯಿತು, 'ವಿಕಟವಾಗಿ ನಕ್ಕಳು' ಎಂದರೂ ಸರಿ. 'ಅಟ್ಟಹಾಸ' ಬೇಡ, ಅದಕ್ಕೆ ಬಯಲಾಟದ ಕಿರೀಟ ಬೇಕು. ಆದರೆ ನೀವು ಕೊಟ್ಟ ಸನ್ನಿವೇಶದಲ್ಲಿ ಅವಳು ಒಬ್ಬಳೇ ಇದ್ದಾಳೆ, ಬಾಗಿಲು ಈಗಷ್ಟೇ ಮುಚ್ಚಿದೆ, ಬೈಸಿಕೊಂಡವನ ಹೆಜ್ಜೆಯ ಸದ್ದು ಇನ್ನೂ ಹೊರಗೆ ಕೇಳುತ್ತಿದೆ. ಅವಳು ಗಂಟಲಲ್ಲೇ ನಕ್ಕಿರಬೇಕು. ಆ ನಗುವಿಗೆ ನಮ್ಮಲ್ಲಿ ಸಿದ್ಧವಾದ ಪದವಿದೆ, ದಿನವೂ ಬಳಸುತ್ತೇವೆ, ಅದರ ಬೇರನ್ನು ಮರೆತಿದ್ದೇವೆ: ಕುಹಕ. ಸಂಸ್ಕೃತದಲ್ಲಿ 'ಕುಹಕ' ಎಂದರೆ ಇಂದ್ರಜಾಲದವನು, ಕಣ್ಕಟ್ಟು ಮಾಡಿ ವಂಚಿಸುವವನು. ಕನ್ನಡಕ್ಕೆ ಬಂದು ಅದು ತುಟಿಯ ಒಂದು ಕೊಂಕಿನಲ್ಲಿ ನೆಲೆ ನಿಂತಿತು. 'ಬಾಗಿಲು ಮುಚ್ಚಿದ ಮೇಲೆ ಅವಳ ತುಟಿಯ ಮೇಲೆ ಕುಹಕದ ನಗು ಸುಳಿಯಿತು' ಎಂದು ಬರೆಯಿರಿ. ಲೇಖಕರು ಇಟ್ಟ ಮಾಟ ಅದರೊಳಗೆ ಕರಗಿರುತ್ತದೆ. ಮುಂದಿನ ಅಧ್ಯಾಯದಲ್ಲಿ ಆ ಕುರ್ಚಿಗೆ ಗಂಡಸು ಬಂದು ಕುಳಿತು ಹಾಗೆಯೇ ನಕ್ಕರೂ ಪದ ಬದಲಿಸಬೇಕಾಗಿಲ್ಲ.